ಕಿರ್ಗಿಸ್ತಾನ: ಸುದ್ದಿಮನೆಗಳಿಗೆ ಬೀಗ ಬಿದ್ದ ಬಗೆ

2005ರ ಫೆಬ್ರವರಿ ತಿಂಗಳ ಕೊನೆಯ ವಾರ. ಕಿರ್ಗಿಸ್ತಾನದಲ್ಲಿ ಸಂಸತ್ ಚುನಾವಣೆಗೆ ಕೆಲವೇ ದಿನ ಉಳಿದಿದ್ದವು. ಆಗ ರಾಜಧಾನಿ ಬಿಷ್ಕೆಕ್‌ನ ಒಂದು ಮುದ್ರಣಾಲಯದ ವಿದ್ಯುತ್ ಸಂಪರ್ಕ ಕಡಿದುಹೋಯಿತು. ಅಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳಲ್ಲಿ ಎಂಎಸ್ಎನ್ ಎಂಬುದೂ ಒಂದು. ಅಂದಿನ ಅಧ್ಯಕ್ಷ ಅಸ್ಕರ್ ಅಕಾಯೆವ್ ಅವರ ಕುಟುಂಬದ ಬಗ್ಗೆ ಎಲ್ಲರೂ ಪಿಸುಗುಟ್ಟುತ್ತಿದ್ದುದನ್ನು ಅಚ್ಚಿನಲ್ಲಿ ಹೇಳುತ್ತಿದ್ದ ಪತ್ರಿಕೆ ಅದು. ಮುದ್ರಣಾಲಯದವರು ಜನರೇಟರ್ ತರಿಸಿಕೊಂಡು ಯಂತ್ರ ಓಡಿಸಿದರು, ಪತ್ರಿಕೆ ಹೊರಬಂತು. ಮುಂದಿನ ತಿಂಗಳು, ಮಾರ್ಚ್ 24ರಂದು, ಜನರ ಬಂಡಾಯಕ್ಕೆ ಹೆದರಿ ಅಕಾಯೆವ್ ದೇಶ ಬಿಟ್ಟು ಓಡಿದರು.

ಆ ಮುದ್ರಣಾಲಯ ಶುರುವಾಗಿದ್ದೇ 2003ರ ಕೊನೆಯಲ್ಲಿ, ವಿದೇಶಿ ನೆರವಿನಿಂದ. ಅದಕ್ಕೂ ಮೊದಲು ಪತ್ರಿಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಾಗಿಲಿಗೆ ಹೋಗಬೇಕಿತ್ತು. ಅದು ಸರ್ಕಾರಿ ಒಡೆತನದ ‘ಉಚ್ಕುನ್’ ಮುದ್ರಣಾಲಯ. ಸಂಪಾದಕರು ಬರೆಯಲು ಸ್ವತಂತ್ರರಾಗಿದ್ದರು, ಅಚ್ಚು ಹಾಕುವ ಯಂತ್ರ ಮಾತ್ರ ಸರ್ಕಾರದ್ದಾಗಿತ್ತು. ಮಧ್ಯ ಏಷ್ಯಾದ ಪತ್ರಿಕೋದ್ಯಮವನ್ನು ಅರ್ಥಮಾಡಿಕೊಳ್ಳಲು ಇಲ್ಲಿಂದಲೇ ಹೊರಡುವುದು ಒಳ್ಳೆಯದು. ಅಲ್ಲಿನ ಸಂವಿಧಾನದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಕಾಗದ, ವಿದ್ಯುತ್, ಪ್ರಸಾರದ ತರಂಗ, ನೋಂದಣಿ ಪತ್ರ, ಬ್ಯಾಂಕ್ ಖಾತೆ ಇವೆಲ್ಲ ಯಾರ ಕೈಯಲ್ಲಿವೆ ಎನ್ನುವುದೇ ಮುಖ್ಯವಾಗುತ್ತದೆ.

ಸೋವಿಯತ್ ಒಕ್ಕೂಟ ಒಡೆದಾಗ ಈ ಪ್ರದೇಶದಲ್ಲಿ ಐದು ದೇಶಗಳು ಹುಟ್ಟಿದವು. ತುರ್ಕ್‌ಮೆನಿಸ್ತಾನದಲ್ಲಿ ಸ್ವತಂತ್ರ ಪತ್ರಿಕೋದ್ಯಮಕ್ಕೆ ಉಸಿರಾಡಲೂ ಜಾಗ ಸಿಗಲಿಲ್ಲ. ಉಜ್ಬೇಕಿಸ್ತಾನ, ತಜಿಕಿಸ್ತಾನ, ಕಜಾಕಿಸ್ತಾನಗಳಲ್ಲಿ ಅಲ್ಪಸ್ವಲ್ಪ ಸಿಕ್ಕ ಜಾಗವೂ ಆಗಾಗ ಕುಗ್ಗಿತು. ಕಿರ್ಗಿಸ್ತಾನದ ಕತೆ ಬೇರೆ. ಸುಮಾರು 70 ಲಕ್ಷ ಜನರ, ಬೆಟ್ಟಗಳೇ ತುಂಬಿದ ಈ ಬಡ ದೇಶವನ್ನು ತೊಂಬತ್ತರ ದಶಕದಲ್ಲಿ ‘ಪ್ರಜಾಪ್ರಭುತ್ವದ ದ್ವೀಪ’ ಎಂದು ಕರೆಯುತ್ತಿದ್ದರು. ಆ ಬಿರುದು ಪೂರ್ತಿ ನಿಜವಾಗಿರಲಿಲ್ಲ, ಆದರೆ ಬರೀ ಹೊಗಳಿಕೆಯೂ ಆಗಿರಲಿಲ್ಲ. 2005, 2010, 2020 ಹೀಗೆ ಮೂರು ಬಾರಿ ಅಲ್ಲಿನ ಜನ ಬೀದಿಗಿಳಿದು ಆಡಳಿತವನ್ನು ಉರುಳಿಸಿದರು. ಪತ್ರಕರ್ತರು ಅಧ್ಯಕ್ಷರನ್ನು ಹೆಸರಿಡಿದು ಪ್ರಶ್ನಿಸಿದರು. ಕಳೆದುಕೊಳ್ಳಲು ಏನಾದರೂ ಇದ್ದ ದೇಶ ಅದನ್ನು ಹೇಗೆ ಕಳೆದುಕೊಂಡಿತು ಎನ್ನುವುದನ್ನು ಹಂತಹಂತವಾಗಿ ನೋಡಲು ಸಾಧ್ಯವಿರುವುದರಿಂದಲೇ ಈ ಲೇಖನಕ್ಕೆ ನಾನು ಕಿರ್ಗಿಸ್ತಾನವನ್ನು ಆರಿಸಿಕೊಂಡಿದ್ದೇನೆ.

ಸರ್ಕಾರಿ ವಾಹಿನಿ, ಸಾರ್ವಜನಿಕ ವಾಹಿನಿ

ಮೊದಲು ಸರ್ಕಾರಿ ಮಾಧ್ಯಮದ ಕಡೆ ನೋಡೋಣ. ದೇಶದ ದೊಡ್ಡ ದೂರದರ್ಶನ ಸಂಸ್ಥೆ ಕೆಟಿಆರ್‌ಕೆ. ಅದು ಸೋವಿಯತ್ ಕಾಲದ ಬಳುವಳಿ. ಸರ್ಕಾರಿ ಸುದ್ದಿಸಂಸ್ಥೆಯ ಹೆಸರು ‘ಕಬರ್’. 1924ರಲ್ಲಿ ಹುಟ್ಟಿ ಈಗ ‘ಕಿರ್ಗಿಜ್ ತೂಸು’ ಎಂಬ ಹೆಸರಿನಲ್ಲಿ ಬರುತ್ತಿರುವ ಹಳೆಯ ಪತ್ರಿಕೆಯೂ ಸರ್ಕಾರದ್ದೇ. ಇವು ಸುಳ್ಳನ್ನೇ ಬರೆಯುತ್ತವೆ ಎಂದು ಭಾವಿಸಿದರೆ ತಪ್ಪಾಗುತ್ತದೆ. ಹೊಸ ಆದೇಶ, ನೇಮಕಾತಿ, ವಿದೇಶಿ ಒಪ್ಪಂದ, ರಸ್ತೆ ಉದ್ಘಾಟನೆ ಇವುಗಳ ಬಗ್ಗೆ ಅವು ಕೊಡುವ ವಿವರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತೊಡಕಿರುವುದು ಬಿಟ್ಟುಬಿಡುವ ಸಂಗತಿಗಳಲ್ಲಿ. ರಸ್ತೆಯ ಗುತ್ತಿಗೆ ಯಾರಿಗೆ ಸಿಕ್ಕಿತು, ಅವರು ಯಾರ ನೆಂಟರು, ಹಿಂದಿನ ಟೆಂಡರ್ ಏಕೆ ರದ್ದಾಯಿತು ಎಂಬ ಪ್ರಶ್ನೆಗಳು ಆ ವರದಿಗಳಲ್ಲಿ ಏಳುವುದೇ ಇಲ್ಲ.

ಈ ಸಂಸ್ಥೆಯನ್ನು ಬದಲಿಸುವ ಪ್ರಾಮಾಣಿಕ ಪ್ರಯತ್ನವೂ ಒಮ್ಮೆ ನಡೆದಿತ್ತು. 2010ರ ಏಪ್ರಿಲ್ 7ರಂದು ಅಧ್ಯಕ್ಷ ಕುರ್ಮಾನ್‌ಬೆಕ್ ಬಕಿಯೆವ್ ವಿರುದ್ಧ ಜನ ದಂಗೆಯೆದ್ದಾಗ, ಅವರು ಮುತ್ತಿಗೆ ಹಾಕಿದ ಕಟ್ಟಡಗಳಲ್ಲಿ ದೂರದರ್ಶನ ಕೇಂದ್ರವೂ ಇತ್ತು. ಅದಕ್ಕೆ ಕಾರಣವಿತ್ತು. 2008ರಲ್ಲಿ ಬಕಿಯೆವ್ ಆಡಳಿತ, ಅಮೆರಿಕದ ಹಣದಲ್ಲಿ ನಡೆಯುವ ರೇಡಿಯೊ ಲಿಬರ್ಟಿಯ ಕಿರ್ಗಿಜ್ ವಿಭಾಗವಾದ ‘ಅಜತ್ತಿಕ್’ನ ಕಾರ್ಯಕ್ರಮಗಳನ್ನು ಸರ್ಕಾರಿ ತರಂಗಗಳಿಂದ ಹೊರಹಾಕಿತ್ತು. ಹಳ್ಳಿಗಾಡಿನ ಜನರಿಗೆ ತಮ್ಮದೇ ಭಾಷೆಯಲ್ಲಿ ಸಿಗುತ್ತಿದ್ದ ಬೇರೊಂದು ದನಿ ಅಲ್ಲಿಗೆ ನಿಂತಿತ್ತು. ದಂಗೆಯ ಬಳಿಕ ಬಂದ ಮಧ್ಯಂತರ ಸರ್ಕಾರ ಕೆಟಿಆರ್‌ಕೆಯನ್ನು ಸರ್ಕಾರದ ಹಿಡಿತದಿಂದ ಬಿಡಿಸಿ ಸಾರ್ವಜನಿಕ ಪ್ರಸಾರ ಸಂಸ್ಥೆಯಾಗಿ ಮಾಡಿತು. ಅಧ್ಯಕ್ಷರು, ಸಂಸತ್ತು, ನಾಗರಿಕ ಸಂಘಟನೆಗಳು ಹೀಗೆ ಮೂರೂ ಕಡೆಯವರು ಸೂಚಿಸಿದ ಸದಸ್ಯರ ಮೇಲ್ವಿಚಾರಣಾ ಮಂಡಳಿ ಬಂತು. ಹಣ ಬೊಕ್ಕಸದಿಂದ, ಉತ್ತರದಾಯಿತ್ವ ಜನರಿಗೆ ಎನ್ನುವುದು ಅದರ ಹಿಂದಿನ ತತ್ವ.

ಮಧ್ಯ ಏಷ್ಯಾದಲ್ಲಿ ಬೇರೆಲ್ಲೂ ಇಂಥ ಪ್ರಯೋಗ ನಡೆದಿರಲಿಲ್ಲ. ಅದು ಅರೆಬರೆಯಾಗಿಯೇ ನಡೆಯಿತು ಎನ್ನುವುದೂ ನಿಜ. ಹಣ ಸರ್ಕಾರದಿಂದಲೇ ಬರುವಾಗ ಸುದ್ದಿಮನೆಯವರು ಮೇಲಿನವರ ಮುಖ ನೋಡುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಆದರೂ ಮಂಡಳಿಯನ್ನು ಪ್ರಶ್ನಿಸಲು ಒಂದು ಕಾನೂನು, ಒಂದು ಜಾಗ ಇತ್ತು. 2022ರಲ್ಲಿ ಈಗಿನ ಅಧ್ಯಕ್ಷ ಸದಿರ್ ಜಪರೋವ್ ಅದನ್ನು ಮತ್ತೆ ಸರ್ಕಾರಿ ಸಂಸ್ಥೆಯಾಗಿ ಬದಲಾಯಿಸಿದರು. ಹನ್ನೆರಡು ವರ್ಷಗಳ ಪ್ರಯೋಗ ಮುಗಿಯಿತು.

ಕಸ್ಟಮ್ಸ್ ಅಧಿಕಾರಿಯ ಹಣದ ಜಾಡು

ಸ್ವತಂತ್ರ ಪತ್ರಿಕೋದ್ಯಮ ಅಲ್ಲಿ ಏನನ್ನು ಸಾಧಿಸಿತ್ತು ಎಂಬುದನ್ನು ಹೇಳದೆ ಅದರ ಮೇಲೆ ಬಿದ್ದ ಏಟನ್ನು ವಿವರಿಸಿದರೆ ಅರ್ಧ ಕತೆಯಾಗುತ್ತದೆ. ಚೀನಾದ ಸರಕು ಮಧ್ಯ ಏಷ್ಯಾ, ರಷ್ಯಾಗಳಿಗೆ ಸಾಗುವ ಹಾದಿ ಕಿರ್ಗಿಸ್ತಾನದ ಬೆಟ್ಟಗಳ ಮೂಲಕ ಹೋಗುತ್ತದೆ. ಹಾಗಾಗಿ ಅಲ್ಲಿ ಕಸ್ಟಮ್ಸ್ ಇಲಾಖೆಯ ಕುರ್ಚಿ ಎಂದರೆ ಚಿನ್ನದ ಕುರ್ಚಿ. ರೈಂಬೆಕ್ ಮತ್ರೈಮೋವ್ ಆ ಇಲಾಖೆಯ ಉಪಮುಖ್ಯಸ್ಥರಾಗಿದ್ದವರು.

2019ರ ನವೆಂಬರ್ 10ರಂದು ಇಸ್ತಾಂಬುಲ್‌ನಲ್ಲಿ ಅಯೆರ್ಕೆನ್ ಸೈಮೈತಿ ಎಂಬ, ಚೀನಾ ಮೂಲದ ಉಯಿಗರ್ ಸಮುದಾಯದ ವ್ಯಾಪಾರಿಯನ್ನು ಗುಂಡಿಕ್ಕಿ ಕೊಂದರು. ಸಾಯುವ ಮೊದಲು ಅವನು ಪತ್ರಕರ್ತರೊಂದಿಗೆ ಮಾತಾಡಿದ್ದ, ಕಾಗದಪತ್ರಗಳನ್ನೂ ಕೊಟ್ಟಿದ್ದ. ಕಿರ್ಗಿಸ್ತಾನದಿಂದ ತಾನು ಸುಮಾರು 70 ಕೋಟಿ ಡಾಲರ್ ಹೊರಗೆ ಸಾಗಿಸಿದ್ದಾಗಿ ಅವನು ಹೇಳಿದ್ದ. ಅದೇ ತಿಂಗಳು ಅಜತ್ತಿಕ್, ಬಿಷ್ಕೆಕ್‌ನ ಪುಟ್ಟ ಸಂಸ್ಥೆ ‘ಕ್ಲೂಪ್’ ಮತ್ತು ಅಂತಾರಾಷ್ಟ್ರೀಯ ತನಿಖಾ ಪತ್ರಕರ್ತರ ಜಾಲವಾದ ಒಸಿಸಿಆರ್‌ಪಿ ಸೇರಿ ಆ ಜಾಡನ್ನು ಪ್ರಕಟಿಸಿದವು. ಹಣ ಯಾವ ದೇಶಕ್ಕೆ ಹೋಯಿತು, ಯಾವ ಆಸ್ತಿಯಾಯಿತು, ಮತ್ರೈಮೋವ್ ಕುಟುಂಬಕ್ಕೂ ಅದಕ್ಕೂ ಏನು ನಂಟು ಎಂದು ದಾಖಲೆಗಳನ್ನು ಜೋಡಿಸಿ ತೋರಿಸಿದರು. ಬಿಷ್ಕೆಕ್‌ನಲ್ಲಿ ಜನ ಪ್ರತಿಭಟನೆಗೆ ಬಂದರು.

ಮತ್ರೈಮೋವ್ ಆರೋಪ ಅಲ್ಲಗಳೆದರು, ಮಾನನಷ್ಟ ದಾವೆ ಹೂಡಿದರು. ನ್ಯಾಯಾಲಯ ಸುದ್ದಿಸಂಸ್ಥೆಗಳ ಬ್ಯಾಂಕ್ ಖಾತೆಗಳನ್ನೇ ತಡೆಹಿಡಿಯಿತು. ಪ್ರತಿಭಟನೆಯ ಬಿಸಿ ತಟ್ಟಿದ ಮೇಲೆ ಆ ತಡೆ ತೆರವಾಯಿತು. 2021ರ ಫೆಬ್ರವರಿಯಲ್ಲಿ ಮತ್ರೈಮೋವ್ ನ್ಯಾಯಾಲಯದಲ್ಲಿ ಭ್ರಷ್ಟಾಚಾರದ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಅವರು ಬೊಕ್ಕಸಕ್ಕೆ 200 ಕೋಟಿ ಸೋಮ್ (ಸೋಮ್ ಎಂದರೆ ಅಲ್ಲಿನ ನಾಣ್ಯ) ಕಟ್ಟಿದ್ದರು. ನ್ಯಾಯಾಲಯ ವಿಧಿಸಿದ ದಂಡ 2 ಲಕ್ಷ 60 ಸಾವಿರ ಸೋಮ್, ಅಂದರೆ ಸುಮಾರು 3 ಸಾವಿರ ಡಾಲರ್. ಜೈಲಿಲ್ಲ. ಇಷ್ಟು ಸಣ್ಣ ದಂಡವನ್ನು ನೋಡಿ ಸಿಟ್ಟು ಬರುವುದು ಸಹಜ. ಆದರೆ ಆ 200 ಕೋಟಿ ಸೋಮ್ ಬೊಕ್ಕಸಕ್ಕೆ ಮರಳುವ ಹಾದಿ ತೆರೆದಿದ್ದು ಕೆಲವು ಪತ್ರಕರ್ತರ ತಿಂಗಳುಗಟ್ಟಲೆಯ ಲೆಕ್ಕ ತಾಳೆ ನೋಡುವ ಕೆಲಸ. ಸರ್ಕಾರಿ ವಾಹಿನಿಯ ಯಾವ ಕಾರ್ಯಕ್ರಮವೂ ಅದನ್ನು ಮಾಡಿರಲಿಲ್ಲ.

ಒಂದೊಂದೇ ಕಾಗದದಿಂದ

2020ರ ಅಕ್ಟೋಬರ್‌ನಲ್ಲಿ ಚುನಾವಣಾ ಅಕ್ರಮದ ವಿರುದ್ಧ ಎದ್ದ ಗಲಭೆಯಲ್ಲಿ ಬೆಂಬಲಿಗರು ಜಪರೋವ್ ಅವರನ್ನು ಜೈಲಿನಿಂದ ಬಿಡಿಸಿಕೊಂಡು ಬಂದರು. 2021ರ ಜನವರಿಯಲ್ಲಿ ಅವರು ಸುಮಾರು ಶೇಕಡ 79 ಮತ ಪಡೆದು ಅಧ್ಯಕ್ಷರಾದರು. ಅವರ ಗೆಳೆಯ ಕಮ್ಚಿಬೆಕ್ ತಾಷಿಯೆವ್ 2020ರ ಅಕ್ಟೋಬರ್‌ನಲ್ಲೇ ದೇಶದ ಗುಪ್ತಚರ ಸಂಸ್ಥೆಯಾದ ರಾಷ್ಟ್ರೀಯ ಭದ್ರತಾ ಸಮಿತಿಯ ಮುಖ್ಯಸ್ಥರಾಗಿದ್ದರು. ಆ ನಂತರ ನಡೆದದ್ದನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಒಂದೇ ರಾತ್ರಿಯಲ್ಲಿ ಪತ್ರಿಕೆಗಳಿಗೆ ನಿಷೇಧ ಹೇರಿದ ಘೋಷಣೆ ಎಲ್ಲೂ ಇಲ್ಲ. ಪ್ರತಿಯೊಂದು ಸಂಸ್ಥೆಗೂ ಬೇರೆ ಬೇರೆ ಕಲಮು, ಬೇರೆ ಬೇರೆ ನೆಪ.

ಬೊಲೊತ್ ತೆಮಿರೋವ್ ಯೂಟ್ಯೂಬ್‌ನಲ್ಲಿ ‘ತೆಮಿರೋವ್ ಲೈವ್’ ಎಂಬ ತನಿಖಾ ವಾಹಿನಿ ನಡೆಸುತ್ತಿದ್ದರು. 2022ರ ಜನವರಿಯಲ್ಲಿ ತಾಷಿಯೆವ್ ಕುಟುಂಬದವರ ಇಂಧನ ವ್ಯವಹಾರದ ಬಗ್ಗೆ ತನಿಖಾ ವರದಿ ಪ್ರಕಟಿಸಿದ ಕೆಲವೇ ದಿನಗಳಲ್ಲಿ ಅವರ ಕಚೇರಿಯ ಮೇಲೆ ಪೊಲೀಸರು ದಾಳಿ ಮಾಡಿದರು. ಅವರ ಜೇಬಿನಲ್ಲಿ ಮಾದಕವಸ್ತು ಸಿಕ್ಕಿತೆಂದರು. ಅದನ್ನು ಪೊಲೀಸರೇ ಇಟ್ಟರು ಎಂದು ತೆಮಿರೋವ್ ಹೇಳಿದರು, ನ್ಯಾಯಾಲಯ ಆ ಆರೋಪದಿಂದ ಅವರನ್ನು ಖುಲಾಸೆಗೊಳಿಸಿತು. ಉಳಿದದ್ದು ಪಾಸ್‌ಪೋರ್ಟ್ ವಿಚಾರ. ಅವರಿಗೆ ರಷ್ಯಾದ ಪೌರತ್ವವೂ ಇತ್ತು. ಕಿರ್ಗಿಜ್ ಪಾಸ್‌ಪೋರ್ಟನ್ನು ಅಕ್ರಮವಾಗಿ ಪಡೆದಿದ್ದರೆಂದು ಹೇಳಿ 2022ರ ನವೆಂಬರ್ 23ರಂದು ಮೇಲ್ಮನವಿ ನ್ಯಾಯಾಲಯ ಗಡೀಪಾರಿಗೆ ಆದೇಶಿಸಿತು. ನ್ಯಾಯಾಲಯದಿಂದಲೇ ಹಿಡಿದುಕೊಂಡು ಹೋಗಿ ಮಾಸ್ಕೊಗೆ ವಿಮಾನ ಹತ್ತಿಸಿದರು. ತಾನು ಹುಟ್ಟಿದ ದೇಶದಿಂದ ಒಬ್ಬ ಪತ್ರಕರ್ತನನ್ನು ವಿದೇಶಿಯನೆಂದು ಹೊರದಬ್ಬಿದರು.

ಈ ತಂಡದ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಕಿರ್ಗಿಜ್ ಜನರಲ್ಲಿ ‘ಅಕಿನ್’ ಎಂಬ ಆಶುಕವಿಗಳ ಪರಂಪರೆ ಇದೆ. ಮೂರು ತಂತಿಯ ಕೋಮುಜ್ ವಾದ್ಯ ಮೀಟುತ್ತ, ಎದುರಿನವನಿಗೆ ಹಾಡಿನಲ್ಲೇ ಪ್ರಶ್ನೆ ಎಸೆದು, ಹಾಡಿನಲ್ಲೇ ಉತ್ತರ ಪಡೆಯುವ ‘ಐತಿಶ್’ ಸ್ಪರ್ಧೆಗೆ ಜನ ಕಿಕ್ಕಿರಿದು ಸೇರುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳ ಸವಾಲ್-ಜವಾಬ್ ಕೇಳಿದವರಿಗೆ ಅದರ ಕಾವು ಸುಲಭವಾಗಿ ಅರ್ಥವಾಗುತ್ತದೆ. ತೆಮಿರೋವ್ ತಂಡ ‘ಐತ್ ಐತ್ ದೆಸೆ’ ಎಂಬ ವಾಹಿನಿಯಲ್ಲಿ ಭ್ರಷ್ಟಾಚಾರದ ತನಿಖೆಗಳನ್ನು ಅಕಿನ್‌ಗಳಿಂದ ಹಾಡಿಸಿತು. ಕಂಪನಿಗಳ ನೋಂದಣಿ, ಷೇರು, ಟೆಂಡರ್ ಎಂಬ ಒಣ ಸಂಗತಿಗಳು ಕುರಿ ಕಾಯುವವನೂ ಗುನುಗಬಹುದಾದ ಪದಗಳಾದವು. ತನಿಖಾ ವರದಿಯನ್ನು ಸಾಮಾನ್ಯರಿಗೆ ತಲುಪಿಸಲು ಇದಕ್ಕಿಂತ ಚೆಂದದ ದಾರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಆಡಳಿತಕ್ಕೆ ಹೆಚ್ಚು ಚುಚ್ಚಿದ್ದು ಇದೇ ಇರಬೇಕು. 2022ರ ದಾಳಿಯ ದಿನ ಬೊಲೊತ್ ನಜರೋವ್ ಎಂಬ ಅಕಿನ್‌ನನ್ನೂ ಬಂಧಿಸಿದ್ದರು.

2024ರ ಜನವರಿ 16ರಂದು ತೆಮಿರೋವ್ ಲೈವ್ ಮತ್ತು ಐತ್ ಐತ್ ದೆಸೆಯಲ್ಲಿ ದುಡಿಯುತ್ತಿದ್ದ ಹಾಗೂ ಹಿಂದೆ ದುಡಿದಿದ್ದ 11 ಮಂದಿಯನ್ನು ಪೊಲೀಸರು ಹಿಡಿದರು. ಸಾಮೂಹಿಕ ಗಲಭೆಗೆ ಕರೆ ಕೊಟ್ಟರು ಎಂಬುದು ಆರೋಪ. ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಸಂಸ್ಥೆಯ ನಿರ್ದೇಶಕಿ, ತೆಮಿರೋವ್ ಅವರ ಪತ್ನಿ ಮಖಾಬತ್ ತಜಿಬೆಕ್ ಕಿಜಿ ಅವರಿಗೆ ಆರು ವರ್ಷ, ಗಾಯಕ ಅಜಮತ್ ಇಶೆನ್‌ಬೆಕೋವ್ ಅವರಿಗೆ ಐದು ವರ್ಷ ಜೈಲು. ಇಬ್ಬರನ್ನು ಷರತ್ತಿನ ಮೇಲೆ ಜೈಲಿನ ಹೊರಗಿಟ್ಟರು, ಏಳು ಮಂದಿ ಖುಲಾಸೆಯಾದರು. ಇಶೆನ್‌ಬೆಕೋವ್‌ಗೆ ಮುಂದಿನ ವಸಂತದಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು.

ಅಜತ್ತಿಕ್ ವಿಚಾರಕ್ಕೆ ಬೇರೆ ಕಾನೂನು. 2021ರಲ್ಲಿ ‘ಸುಳ್ಳು ಮಾಹಿತಿ’ ತಡೆಯುವ ಕಾಯ್ದೆ ಬಂದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಕಿರ್ಗಿಜ್-ತಜಿಕ್ ಗಡಿಯಲ್ಲಿ ನಡೆದ ಕಾಳಗದ ಬಗ್ಗೆ ಬಂದ ಒಂದು ವಿಡಿಯೊವನ್ನು ತೆಗೆಯಬೇಕೆಂದು ಸಂಸ್ಕೃತಿ ಸಚಿವಾಲಯ ಸೂಚಿಸಿತು. ಅಜತ್ತಿಕ್ ಒಪ್ಪಲಿಲ್ಲ. ಜಾಲತಾಣಕ್ಕೆ ತಡೆ ಬಿತ್ತು, ಬ್ಯಾಂಕ್ ಖಾತೆ ಸ್ತಬ್ಧವಾಯಿತು, 2023ರ ಏಪ್ರಿಲ್‌ನಲ್ಲಿ ನೋಂದಣಿ ರದ್ದತಿಗೆ ಆದೇಶವೂ ಬಂತು. ಜುಲೈನಲ್ಲಿ ಸಂಸ್ಥೆ ವಿಡಿಯೊ ತೆಗೆದ ಮೇಲೆ ರಾಜಿಯಾಗಿ ಆದೇಶ ರದ್ದಾಯಿತು. ಎಲ್ಲವೂ ಸರಿಹೋಯಿತು ಎನ್ನಿಸಬಹುದು. ಆದರೆ ಬೇರೆ ಸಂಪಾದಕರೆಲ್ಲ ಇದನ್ನು ನೋಡುತ್ತಿದ್ದರು. ಅಷ್ಟು ದೊಡ್ಡ ಸಂಸ್ಥೆಯೇ ಒಂದು ವಿಡಿಯೊಗಾಗಿ ಮಣಿಯಬೇಕಾಯಿತೆಂದರೆ, ಐದು ಜನರ ಸುದ್ದಿಮನೆಯೊಂದು ಮುಂದಿನ ಬಾರಿ ಗಡಿಯ ಸುದ್ದಿ ಬಂದಾಗ ಏನು ಮಾಡುತ್ತದೆ? ತಾನಾಗಿಯೇ ಕತ್ತರಿ ಹಾಕಿಕೊಳ್ಳುತ್ತದೆ. ಈ ಕತ್ತರಿ ಯಾವ ತೀರ್ಪಿನಲ್ಲೂ ದಾಖಲಾಗುವುದಿಲ್ಲ.

ಕ್ಲೂಪ್ ಪ್ರಕರಣವನ್ನು ಓದುವಾಗ ನನಗೆ ಅತಿ ಹೆಚ್ಚು ಬೇಸರವಾಯಿತು, ಏಕೆಂದರೆ ಅದು ಸುದ್ದಿಸಂಸ್ಥೆಯಷ್ಟೇ ಆಗಿರದೆ ಹದಿಹರೆಯದವರಿಗೆ ವರದಿಗಾರಿಕೆ ಕಲಿಸುವ ಶಾಲೆಯೂ ಆಗಿತ್ತು. ಇಂದು ಬಿಷ್ಕೆಕ್‌ನ ಹಲವು ಸುದ್ದಿಮನೆಗಳಲ್ಲಿರುವವರು ಅಲ್ಲಿ ಪಾಠ ಕಲಿತವರು. 2023ರ ಆಗಸ್ಟ್‌ನಲ್ಲಿ ಸರ್ಕಾರಿ ವಕೀಲರು ಅದನ್ನು ವಿಸರ್ಜಿಸಬೇಕೆಂದು ದಾವೆ ಹೂಡಿದರು. ಕೊಟ್ಟ ಕಾರಣ: ಸಂಸ್ಥೆಯ ನಿಯಮಾವಳಿಯಲ್ಲಿ ಮಾಧ್ಯಮ ನಡೆಸುವುದನ್ನು ಉದ್ದೇಶವೆಂದು ನಮೂದಿಸಿಲ್ಲ. ಜೊತೆಗೆ, ಅದರ ವರದಿಗಳು ಸರ್ಕಾರವನ್ನು ಕಟುವಾಗಿ ಟೀಕಿಸುತ್ತವೆ ಎಂಬ ದೂರು. ವಿಚಾರಣೆಯಲ್ಲಿ ಮನೋವೈದ್ಯರನ್ನು ಕರೆಸಿ, ಇಂಥ ನಕಾರಾತ್ಮಕ ಸುದ್ದಿ ಜನರ ಮಾನಸಿಕ ಆರೋಗ್ಯಕ್ಕೆ ಹಾನಿ ಎಂದು ಹೇಳಿಸಿದರು. 2024ರ ಫೆಬ್ರವರಿಯಲ್ಲಿ ವಿಸರ್ಜನೆಯ ಆದೇಶ ಬಂತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಂಚದ ಸುದ್ದಿ ಓದಿದವರ ನೆಮ್ಮದಿ ಕೆಡುತ್ತದೆ ಎನ್ನುವುದು ಸತ್ಯವೇ. ಆ ನೆಮ್ಮದಿ ಕೆಡಿಸಿದ್ದು ಲಂಚ. ನ್ಯಾಯಾಲಯ ಶಿಕ್ಷಿಸಿದ್ದು ಸುದ್ದಿ ಕೊಟ್ಟವರನ್ನು.

2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೇ ತಿಂಗಳಲ್ಲಿ ಕ್ಲೂಪ್‌ನ ಹಾಲಿ ಮತ್ತು ಮಾಜಿ ನೌಕರರನ್ನು ಹಿಡಿದು, ಸೆಪ್ಟೆಂಬರ್‌ನಲ್ಲಿ ಇಬ್ಬರು ಕ್ಯಾಮೆರಾಮನ್‌ಗಳಿಗೆ ಐದೈದು ವರ್ಷ ಜೈಲು ವಿಧಿಸಿದರು. ಲೆಕ್ಕಪತ್ರ ನೋಡುತ್ತಿದ್ದ ಇಬ್ಬರಿಗೂ ಶಿಕ್ಷೆಯಾಯಿತು, ಅವರನ್ನು ಜೈಲಿಗೆ ಕಳಿಸಲಿಲ್ಲ ಅಷ್ಟೆ. ಕ್ಯಾಮೆರಾ ಹಿಡಿಯುವವರನ್ನೂ ಲೆಕ್ಕ ಬರೆಯುವವರನ್ನೂ ಹಿಡಿದರೆ ಮುಂದೆ ಯಾರೂ ಕೆಲಸಕ್ಕೆ ಸೇರಲು ಮನಸ್ಸು ಮಾಡುವುದಿಲ್ಲ. ಅಕ್ಟೋಬರ್‌ನಲ್ಲಿ ಕ್ಲೂಪ್, ತೆಮಿರೋವ್ ಲೈವ್, ಐತ್ ಐತ್ ದೆಸೆ ಮೂರನ್ನೂ ಬಿಷ್ಕೆಕ್‌ನ ನ್ಯಾಯಾಲಯವೊಂದು ‘ಉಗ್ರವಾದಿ’ ಎಂದು ಘೋಷಿಸಿತು. ಅಲ್ಲಿಗೆ ಆ ವರದಿಗಳನ್ನು ಹಂಚುವುದೂ ನಿಷಿದ್ಧವಾಯಿತು. ಓದುಗನೂ ಆರೋಪಿಯ ಸಾಲಿಗೆ ಬಂದ.

ಹಣದ ಪ್ರಶ್ನೆ

ಆಡಳಿತದ ಪರವಾಗಿರುವವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: ಇವರೆಲ್ಲ ವಿದೇಶಿ ಹಣದಲ್ಲಿ ನಡೆಯುವವರು. ಇದನ್ನು ತಳ್ಳಿಹಾಕಬಾರದು, ಉತ್ತರಿಸಬೇಕು. ಅಜತ್ತಿಕ್‌ಗೆ ಅಮೆರಿಕದ ಸಂಸತ್ತು ಮಂಜೂರು ಮಾಡುವ ಹಣ ಬರುತ್ತದೆ. ಕ್ಲೂಪ್‌ನಂಥವು ವಿದೇಶಿ ಅನುದಾನಗಳಿಂದ ನಡೆದವು. ಕೊಡುವವರಿಗೆ ತಮ್ಮದೇ ಹಿತಾಸಕ್ತಿ ಇರುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಬಿಷ್ಕೆಕ್‌ನ ಜಾಹೀರಾತು ಮಾರುಕಟ್ಟೆ ತೀರಾ ಚಿಕ್ಕದು. ಅಧಿಕಾರದಲ್ಲಿರುವವರ ಕಣ್ಣಿಗೆ ಬಿದ್ದ ಪತ್ರಿಕೆಗೆ ಜಾಹೀರಾತು ಕೊಟ್ಟ ಅಂಗಡಿಯವನ ಬಾಗಿಲಿಗೆ ತೆರಿಗೆ ಇಲಾಖೆ ಬರಬಹುದೆಂಬ ಭಯವಿದ್ದರೆ ಅವನು ಏಕೆ ಜಾಹೀರಾತು ಕೊಟ್ಟಾನು? ಒಳಗಿನ ಹಣದ ದಾರಿ ಹೀಗೆ ಮುಚ್ಚಿದ್ದರಿಂದಲೇ ಹೊರಗಿನ ಹಣ ಬಂತು. ಹಣ ಎಲ್ಲಿಂದ ಬಂತೆಂದು ಕೇಳುವಷ್ಟೇ ಮುಖ್ಯವಾಗಿ, ಬರೆದದ್ದು ನಿಜವೇ ಎಂದೂ ಕೇಳಬೇಕು. ಮತ್ರೈಮೋವ್ ಪ್ರಕರಣದಲ್ಲಿ ಅದಕ್ಕೆ ಉತ್ತರ ನ್ಯಾಯಾಲಯದಲ್ಲೇ ಸಿಕ್ಕಿತು.

2024ರ ಏಪ್ರಿಲ್‌ನಲ್ಲಿ ಜಪರೋವ್ ‘ವಿದೇಶಿ ಪ್ರತಿನಿಧಿ’ ಕಾಯ್ದೆಗೆ ಸಹಿ ಹಾಕಿದರು. ವಿದೇಶಿ ನೆರವು ಪಡೆದು ‘ರಾಜಕೀಯ ಚಟುವಟಿಕೆ’ ನಡೆಸುವ ಸರ್ಕಾರೇತರ ಸಂಸ್ಥೆಗಳೆಲ್ಲ ಆ ಹಣೆಪಟ್ಟಿ ಅಂಟಿಸಿಕೊಂಡು ನೋಂದಾಯಿಸಿಕೊಳ್ಳಬೇಕು. ರಷ್ಯಾ 2012ರಲ್ಲಿ ತಂದ ಕಾಯ್ದೆಯ ಅಚ್ಚಿನಲ್ಲೇ ಇದನ್ನೂ ಎರೆದಿದ್ದಾರೆ. ಮರುವರ್ಷ ಅಮೆರಿಕವೇ ತನ್ನ ವಿದೇಶಿ ನೆರವಿಗೆ ಕತ್ತರಿ ಹಾಕಿದಾಗ, ಕಾಯ್ದೆಯಿಂದ ಪಾರಾಗಿ ಉಳಿದಿದ್ದ ಸಂಸ್ಥೆಗಳಿಗೂ ಏಟು ಬಿತ್ತು.

ಇಷ್ಟೆಲ್ಲದರ ಫಲ ಒಂದು ಪಟ್ಟಿಯಲ್ಲೂ ಕಾಣುತ್ತದೆ. ಗಡಿರಹಿತ ವರದಿಗಾರರ ಸಂಸ್ಥೆ ಪ್ರಕಟಿಸುವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ ಕಿರ್ಗಿಸ್ತಾನ 2022ರಲ್ಲಿ 72ನೇ ಸ್ಥಾನದಲ್ಲಿತ್ತು. 2025ರಲ್ಲಿ 144ನೇ ಸ್ಥಾನಕ್ಕೆ ಜಾರಿತು. ಇಂಥ ಪಟ್ಟಿಗಳ ಲೆಕ್ಕಾಚಾರದ ಬಗ್ಗೆ ತಕರಾರು ಇರಬಹುದು, ಆದರೆ ಮೂರೇ ವರ್ಷದಲ್ಲಿ ಇಷ್ಟು ದೂರ ಜಾರಿದ ದೇಶಗಳು ಹೆಚ್ಚಿಲ್ಲ.

ಮೇ 2024ರ ಆ ರಾತ್ರಿ

ಅಷ್ಟು ದೂರದ ಸಂಗತಿ ನಮಗೇಕೆ ಎನ್ನುವವರಿಗೆ ಒಂದು ರಾತ್ರಿಯನ್ನು ನೆನಪಿಸಬೇಕು. ಬಿಷ್ಕೆಕ್, ಓಶ್ ನಗರಗಳ ವೈದ್ಯಕೀಯ ಕಾಲೇಜುಗಳಲ್ಲಿ ಭಾರತದ ಸಾವಿರಾರು ವಿದ್ಯಾರ್ಥಿಗಳು ಓದುತ್ತಾರೆ, ಕರ್ನಾಟಕದವರೂ ಇದ್ದಾರೆ. 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ನುಗ್ಗಿದವು. ಕೆಲವು ದಿನ ಹಿಂದೆ ಸ್ಥಳೀಯರಿಗೂ ವಿದೇಶಿಯರಿಗೂ ನಡೆದ ಜಗಳದ ವಿಡಿಯೊ ಹರಡಿದ್ದೇ ಇದಕ್ಕೆ ಕಿಡಿ. ಹೊರಗೆ ಬರಬೇಡಿ ಎಂದು ಭಾರತೀಯ ರಾಯಭಾರ ಕಚೇರಿ ಸೂಚಿಸಿತು. ಮೊಬೈಲ್‌ಗಳಲ್ಲಿ ಸಾವುಗಳ ವದಂತಿ ಹರಿದಾಡಿತು. ಸರ್ಕಾರ ಯಾರೂ ಸತ್ತಿಲ್ಲ, ಪರಿಸ್ಥಿತಿ ಹತೋಟಿಯಲ್ಲಿದೆ ಎಂದಿತು.

ಸಾವುಗಳ ವದಂತಿ ದೃಢಪಡಲಿಲ್ಲ, ಸರ್ಕಾರದ ಮಾತೇ ನಿಂತಿತು. ಆದರೆ ಆ ರಾತ್ರಿ ಅದನ್ನು ನಂಬುವುದು ಕಷ್ಟವಿತ್ತು. ಬಿಷ್ಕೆಕ್‌ನ ಹೆಸರಾಂತ ಸುದ್ದಿತಾಣ 24.ಕೆಜಿಯ ಕಚೇರಿಯನ್ನು ಭದ್ರತಾ ಸಮಿತಿಯವರು ಅದೇ ಜನವರಿಯಲ್ಲಿ ಶೋಧಿಸಿ ಮೊಹರು ಹಾಕಿದ್ದರು. ಕ್ಲೂಪ್‌ಗೆ ವಿಸರ್ಜನೆಯ ಆದೇಶವಾಗಿತ್ತು. ತೆಮಿರೋವ್ ಲೈವ್‌ನವರು ಬಂಧನದಲ್ಲಿದ್ದರು. ಹಾಸ್ಟೆಲ್ ಬಾಗಿಲಿಗೆ ಹೋಗಿ, ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಎಣಿಸಿ, ಸರ್ಕಾರ ಹೇಳಿದ್ದು ನಿಜ ಎಂದು ತಮ್ಮ ಹೆಸರಿನಲ್ಲಿ ಬರೆಯಬಲ್ಲ ವರದಿಗಾರರು ವಿರಳವಾಗಿದ್ದರು. ಸರ್ಕಾರ ಸತ್ಯ ಹೇಳಿದಾಗಲೂ ಅದಕ್ಕೆ ಸಾಕ್ಷಿ ಬೇಕಾಗುತ್ತದೆ. ಆ ಸಾಕ್ಷಿಗಳನ್ನು ಅದೇ ಸರ್ಕಾರ ಒಬ್ಬೊಬ್ಬರನ್ನಾಗಿ ಹೊರಗಟ್ಟಿತ್ತು.

ಇಂದು ಕಿರ್ಗಿಸ್ತಾನದ ಸುದ್ದಿ ಓದುವವರು ಒಂದಷ್ಟು ಕಟ್ಟೆಚ್ಚರದಿಂದ ಓದಬೇಕು. ಜಪರೋವ್ ತಮ್ಮ ನಿಲುವು ಹೇಳಬೇಕಾದಾಗ ಹೆಚ್ಚಾಗಿ ಕಬರ್‌ಗೆ ಸಂದರ್ಶನ ಕೊಡುತ್ತಾರೆ. ಆಡಳಿತ ಏನು ಯೋಚಿಸುತ್ತಿದೆ ಎಂದು ತಿಳಿಯಲು ಅದನ್ನು ಓದಬಹುದು, ಆದರೆ ಮರುಪ್ರಶ್ನೆ ಅಲ್ಲಿ ಸಿಗುವುದಿಲ್ಲ. ಗಡಿಪಾರಾದವರು, ದೇಶ ಬಿಟ್ಟವರು ಹೊರಗಿನಿಂದ ತನಿಖೆ ಮುಂದುವರಿಸಿದ್ದಾರೆ. ಅವರ ದಾಖಲೆಗಳು ಗಟ್ಟಿಯಾಗಿರುತ್ತವೆ, ಆದರೆ ಹಳ್ಳಿಯ ಶಾಲೆ, ಆಸ್ಪತ್ರೆ, ನೀರಿನ ಕಾಲುವೆಯ ಸುದ್ದಿಯನ್ನು ಸಾವಿರಾರು ಮೈಲಿ ಆಚೆಯಿಂದ ಬರೆಯಲಾಗುವುದಿಲ್ಲ. ಅಲ್ಲಿಯವರು ಅವರಿಗೆ ಫೋನ್ ಮಾಡಿ ಮಾಹಿತಿ ಕೊಡಲು ಹೆದರುತ್ತಾರೆ. ಒಳಗೆ ಉಳಿದ ಸುದ್ದಿತಾಣಗಳು ಹೊಸ ನೋಂದಣಿ ನಿಯಮ, ಸುಳ್ಳು ಸುದ್ದಿಯ ದಂಡಗಳ ನಡುವೆ ಹವಾಮಾನ, ಬೆಲೆಯೇರಿಕೆ, ಅಪಘಾತಗಳ ಸುದ್ದಿಯನ್ನು ಚೆನ್ನಾಗಿಯೇ ಕೊಡುತ್ತವೆ. ಕಸ್ಟಮ್ಸ್ ಇಲಾಖೆಯ ಈಗಿನ ಕುರ್ಚಿಯಲ್ಲಿ ಯಾರಿದ್ದಾರೆ, ಅವರ ಆಸ್ತಿ ಎಷ್ಟು ಎಂದು ಬಿಷ್ಕೆಕ್‌ನಲ್ಲೇ ಕುಳಿತು ಕೇಳುವ ಧೈರ್ಯ ಮಾಡುವವರು ಬೆರಳೆಣಿಕೆಯಷ್ಟು.